ತೋಳಿನಲ್ಲಿ ನಲವತ್ತು ಪದ

ಗಣಿತದ ಟೀಚರ್ ಆಗಬೇಕು ಅನ್ನುವವರಿಗೆ 'ಆಬ್ಸೀಕ್ವಿಯಸ್' ಅನ್ನುವ ಪದದ ಅರ್ಥ ಯಾಕೆ ಗೊತ್ತಿರಬೇಕು? ಈ ಪ್ರಶ್ನೆಯನ್ನು ನಾನು ಆ ವರ್ಷ ಕಮ್ಮಿ ಅಂದರೂ ಇನ್ನೂರು ಸಲ ಕೇಳಿದ್ದೇನೆ. ಅಣ್ಣನನ್ನು ಕೇಳಿದೆ, ಅಮ್ಮನನ್ನು ಕೇಳಿದೆ, ಲಾಂಡ್ರಿಯ ಕೌಂಟರಿನವನನ್ನು ಕೇಳಿದೆ, ಯಾರೂ ಸಿಗದಿದ್ದಾಗ ಗೋಡೆಯನ್ನೂ ಕೇಳಿದೆ. ಉತ್ತರ ಕೊಟ್ಟವರು ಅತ್ತಿಗೆ ಒಬ್ಬರೇ.

"ಅವರು ಕೇಳ್ತಾರೆ ಕಣೋ, ಅದಕ್ಕೆ ಗೊತ್ತಿರಬೇಕು. ಬೈಯೋದು ಮುಗಿದಿದ್ರೆ ಮುಂದಿನ ಪದ ಓದು."

ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ಗಣಿತ. ಅದನ್ನು ಅತ್ತಿಗೆ ಅಕ್ಕಿ ಒಲೆಗಿಟ್ಟು ಅನ್ನವಾಗುವಷ್ಟರಲ್ಲಿ ಮುಗಿಸಿಬಿಡುತ್ತಿದ್ದರು. ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಅವರಿಗೆ ಬಾರದ ಲೆಕ್ಕವನ್ನು ನಾನಂತೂ ನೋಡಿಲ್ಲ. ಎರಡನೆಯದು ಇಂಗ್ಲಿಷ್ ಪದಗಳದ್ದು. ಐವತ್ತು ಪದ, ಒಂದೊಂದಕ್ಕೂ ನಾಲ್ಕು ನಾಲ್ಕು ಅರ್ಥ, ಸರಿಯಾದ್ದರ ಮುಂದಿನ ಗುಂಡು ತುಂಬಬೇಕು. ಅದರಲ್ಲಿ ಮೂವತ್ತು ಸರಿ ಬರದಿದ್ದರೆ ಗಣಿತದ ಹಾಳೆಯನ್ನು ಮುಟ್ಟಿಯೂ ನೋಡುವುದಿಲ್ಲವಂತೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದರೂ ಅಷ್ಟೇ, ಕಸದ ಬುಟ್ಟಿ.

ಅತ್ತಿಗೆ ಹನ್ನೆರಡನೇ ತರಗತಿ ಮುಗಿಸಿ ಎಂಟು ವರ್ಷ ಆಗಿತ್ತು. ಮಗಳಿಗೆ ಐದು ತುಂಬಿತ್ತು. ಪರೀಕ್ಷೆ ಬರೀತೀನಿ ಅಂದಾಗ ಅಮ್ಮ, "ಮಗು ಹೋಗೋ ವಯಸ್ಸಲ್ಲಿ ಮಗುವಿನ ತಾಯಿ ಹೊರಟಳು" ಅಂದಳು. ನೀರಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವ ಅಣ್ಣ, ಮಾತೇ ಆಡದವನು, ಅವತ್ತು ಒಂದು ಮಾತು ಆಡಿದ.

"ಒಂದ್ಸಲ ಬರಿ. ಆಯ್ತು ಅಂದ್ರೆ ಆಯ್ತು. ಆಗಲಿಲ್ಲ ಅಂದ್ರೆ ಈ ಮಾತು ಮತ್ತೆ ಮನೇಲಿ ಎತ್ತಬಾರದು."

ಅತ್ತಿಗೆ "ಹೂಂ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಡ್ರೈವಿಂಗ್ ಲೈಸೆನ್ಸಿಗೇ ಮೂರು ಸಲ ಹೋದವನು ನೀನು. ಇವರಿಗೆ ಮಾತ್ರ ಒಂದೇ ಸಲವಾ?"

"ಲೈಸೆನ್ಸ್ ಬೇರೆ" ಅಂದ ಅಣ್ಣ, ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೋದ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಂಗ್ಲಿಷ್ ಮೇಷ್ಟ್ರು ಒಂದು ದಿನ ನನ್ನ ಕೈಲಿ ಪಾಠವನ್ನು ಗಟ್ಟಿಯಾಗಿ ಓದಿಸಿದರು. ಇಡೀ ಕ್ಲಾಸು ನಕ್ಕಾದ ಮೇಲೂ ಓದಿಸಿದರು. ಆಮೇಲೆ ನನ್ನನ್ನು ಕೂರು ಅನ್ನುವುದನ್ನೇ ಮರೆತು ಬೇರೆ ಏನೋ ಬರೆಸತೊಡಗಿದರು. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ಗಂಟೆ ಹೊಡೆದ ಮೇಲೆ ಹೊರಗೆ ನಡೆದೆ. ಕರೆಯುವುದಕ್ಕೆ ಯಾರೂ ಬರಲಿಲ್ಲ, ನಾನೂ ಹೋಗಲಿಲ್ಲ. ಆಗಿನಿಂದ ಲಾಂಡ್ರಿ. ಅಲ್ಲಿ ನನ್ನ ಹೆಸರು ಬಾಯ್ಲರ್. ಹಿಂದಿನ ಕೋಣೆಯಲ್ಲಿ ನಿಜವಾದ ಬಾಯ್ಲರ್ ಒಂದು ಇದೆ, ಅದು ವಾರಕ್ಕೊಂದು ದಿನವಾದರೂ ತಣ್ಣಗಿರುತ್ತದೆ ಅಂತ ಕೌಂಟರಿನವನು ಆಡಿಕೊಳ್ಳುತ್ತಾನೆ.

ನನ್ನದು ಕಲೆ ತೆಗೆಯುವ ಕೆಲಸ. ಎದುರು ಮೇಜಿನಲ್ಲಿ ಅತ್ತಿಗೆಯದು ರಫೂ. ರಫೂ ಅಂದರೆ ತೇಪೆ ಅಲ್ಲ. ಕೋಟಿನದೇ ಒಳಮಡಿಕೆಯಿಂದ ಎಳೆ ಬಿಡಿಸಿ ತೆಗೆದು, ತೂತಿನ ಮೇಲೆ ಹಿಂದೆ ಮುಂದೆ ನೇಯ್ದು ಕೂರಿಸುವುದು. ಮುಗಿದ ಮೇಲೆ ತೂತು ಎಲ್ಲಿತ್ತು ಅಂತ ಬಟ್ಟೆಯ ಒಡೆಯನಿಗೇ ಗೊತ್ತಾಗಬಾರದು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಒಂದಿಷ್ಟು ಗಟ್ಟಿಯಾಗಿ ಸಿಗುತ್ತದೆ. ಅದೂ ಬೆರಳಿಗೆ ಅಭ್ಯಾಸ ಇದ್ದರೆ.

ಓದುವುದಕ್ಕೆ ಮನೆಯಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ಓದು ಲಾಂಡ್ರಿಯಲ್ಲೇ ನಡೆಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಲೆ ಎಷ್ಟು ಉಜ್ಜಿದರೂ ಹೋಗದಿದ್ದರೆ ಆ ಜಾಗಕ್ಕೆ ಒಂದು ಅಚ್ಚು ಹಾಕಿದ ಚೀಟಿ ಪಿನ್ ಮಾಡಿ ಕಳಿಸುತ್ತೇವೆ: 'ನಮ್ಮ ಕೈಲಾದದ್ದೆಲ್ಲ ಮಾಡಿದೆವು. ವಿಷಾದಿಸುತ್ತೇವೆ.' ಈ ಚೀಟಿಗಳ ಹಿಂಬದಿ ಖಾಲಿ. ಅತ್ತಿಗೆ ಬೆಳಿಗ್ಗೆ ಬಂದ ಕೂಡಲೇ ಹತ್ತು ಹದಿನೈದು ಚೀಟಿಯ ಹಿಂದೆ ಒಂದೊಂದು ಇಂಗ್ಲಿಷ್ ಪದ ಬರೆದು, ರಫೂ ಆಗಬೇಕಾದ ತೂತಿನ ಪಕ್ಕದಲ್ಲೇ ಚುಚ್ಚಿಕೊಳ್ಳುತ್ತಿದ್ದರು. ಸೂಜಿ ಓಡಿದಷ್ಟು ಹೊತ್ತು ಪದ ಕಣ್ಣೆದುರು. ಕೊನೆಯ ಎಳೆ ಕತ್ತರಿಸಿ ಅರ್ಥ ಹೇಳಬೇಕು. ಇಟ್ಟಿಗೆಯಷ್ಟು ದಪ್ಪದ ಸೆಕೆಂಡ್‌ಹ್ಯಾಂಡ್ ಪದಪುಸ್ತಕ ನನ್ನ ಮೇಜಿನ ಮೇಲೆ. ಅಕ್ಷರ ಕೂಡಿಸಿ ಕೂಡಿಸಿ ಓದಿ ಸರಿಯಾ ತಪ್ಪಾ ಹೇಳುವುದು ನನ್ನ ಪಾಲು. ಸರಿ ಇದ್ದರೆ ಪಿನ್ ಕೀಳುವುದು. ತಪ್ಪಿದ್ದರೆ ಚೀಟಿ ಸಮೇತ ಬಟ್ಟೆ ಕೊಕ್ಕೆಗೆ ಹೋಗುತ್ತದೆ, ನಾಳೆ ಮತ್ತೆ ಕೇಳುವುದು.

ಪುಸ್ತಕದಲ್ಲಿದ್ದ ಅರ್ಥಗಳು ಪದಕ್ಕಿಂತ ಕಷ್ಟ. ಒಂದು ಪದ ಗೊತ್ತಿಲ್ಲ ಅಂತ ಹೋದರೆ ಇನ್ನೂ ಮೂರು ಗೊತ್ತಿಲ್ಲದ ಪದ ಕೈಗೆ ಕೊಡುತ್ತಿತ್ತು. ಒಂದು ದಿನ ಸಿಟ್ಟು ಬಂದು ಅದನ್ನು ಬಿಸಾಡುವುದರಲ್ಲಿದ್ದೆ. ಪದ 'ಲೇಟೆಂಟ್'. ಅತ್ತಿಗೆ ನಾಲ್ಕು ದಿನದಿಂದ ಅದಕ್ಕೆ 'ತಡ' ಅನ್ನುತ್ತಿದ್ದರು.

"ತಡ ಅಲ್ಲ ಅತ್ತಿಗೆ. ಇದೆ, ಆದ್ರೆ ಕಾಣಲ್ಲ. ಜ್ಯೂಸ್ ಕಲೆ ನೋಡಿಲ್ವಾ? ಚೆಲ್ಲಿದಾಗ ಏನೂ ಕಾಣಲ್ಲ. ಒಣಗುತ್ತೆ, ಬಟ್ಟೆ ಹಾಲಿನ ಹಾಗಿರುತ್ತೆ. ಇಸ್ತ್ರಿ ಇಟ್ಟ ತಕ್ಷಣ ಕಂದು ಬಣ್ಣಕ್ಕೆ ಎದ್ದು ನಿಲ್ಲುತ್ತೆ. ಅಲ್ಲೀವರೆಗೂ ಅದು ಲೇಟೆಂಟ್."

ಅತ್ತಿಗೆ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದರು. "ಇದನ್ನ ನಾಲ್ಕು ದಿನ ಯಾಕೋ ಹೊಟ್ಟೇಲಿಟ್ಕೊಂಡಿದ್ದೆ?"

ಅಲ್ಲಿಂದ ಮುಂದೆ ನಾವು ಕಲೆಯಲ್ಲೇ ಕಲಿತೆವು. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಇನ್ನೂ ಕಚ್ಚಿಕೊಳ್ಳುತ್ತದಲ್ಲ, ಅದು 'ಎಕ್ಸಾಸರ್ಬೇಟ್'. ಹಿಡಿದ ಬಟ್ಟೆ ಬಿಡದ ತುಕ್ಕು 'ಟೆನೇಷಿಯಸ್'. ಅಂಗೈ ಮೇಲೆ ಒಂದು ಹನಿ ಸ್ಪಿರಿಟ್ ಬಿಟ್ಟು, ಅತ್ತಿಗೆ "ಎಲ್ಲಿ" ಅನ್ನುವಷ್ಟರಲ್ಲಿ ಅದು ಹಾರಿಹೋದಾಗ, 'ಎಫೆಮರಲ್'. ಕಲೆಯಲ್ಲಿ ಸಿಗದ್ದು ಮನುಷ್ಯರಲ್ಲಿ ಸಿಕ್ಕಿತು. ದೊಡ್ಡ ಕಾರಿನ ಗಿರಾಕಿ ಬಂದಾಗ ನಮ್ಮ ಕೌಂಟರಿನವನು ಮೂರು ಕಡೆ ಬಾಗಿ ನಿಲ್ಲುವ ಭಂಗಿಯನ್ನು ಅತ್ತಿಗೆ ಬಾಗಿಲ ಸಂದಿಯಿಂದ ನೋಡಿ, "ಆಬ್ಸೀಕ್ವಿಯಸ್" ಅಂದರು, ತುಂಬ ಮೆಲ್ಲಗೆ, ಹಕ್ಕಿ ಹಾರಿಹೋದೀತು ಅನ್ನುವ ಹಾಗೆ.

ಎಂಟು ತಿಂಗಳಲ್ಲಿ ಒಂಬೈನೂರು ಪದ ದಾಟಿದೆವು. ದಾಟಿದೆವು ಅನ್ನುತ್ತೇನೆ, ಯಾಕಂದರೆ ಅವರಿಗೆ ಬಂದದ್ದೆಲ್ಲ ನನಗೂ ಬಂತು. ಬೇಡ ಅಂದರೂ ಬಂತು.

ಪರೀಕ್ಷೆಗೆ ಇನ್ನು ಎರಡು ವಾರ ಇದ್ದಾಗ, ಬೆಳಿಗ್ಗೆ ಅಣ್ಣ ಟೀ ಕುಡಿಯುತ್ತಾ, "ಇನ್ನು ಹದಿನಾಲ್ಕು ದಿನ. ಆಮೇಲೆ ಮನೆ ಮನೆ ಥರ ಇರುತ್ತೆ" ಅಂದ. ಅವನು ಯಾವ ಅರ್ಥದಲ್ಲಿ ಅಂದನೋ ದೇವರಿಗೇ ಗೊತ್ತು. ನಾನು ಮಾತ್ರ ಅಲ್ಲಿಂದ ಲಾಂಡ್ರಿಯವರೆಗೂ ಅವನೊಂದಿಗೆ ಮನಸ್ಸಿನಲ್ಲೇ ಜಗಳ ಆಡಿಕೊಂಡು ಬಂದೆ. ಆಡಬೇಕಾದ ಮಾತೆಲ್ಲ ದಾರಿಯಲ್ಲಿ ಹೊಳೆದವು. ಅದೇ ಸಿಟ್ಟಿನಲ್ಲಿ, ಡೆಲಿವರಿಗೆ ಹೋಗಬೇಕಾದ ಬಟ್ಟೆಗಳನ್ನು ಕೊಕ್ಕೆಯಿಂದ ಎಳೆದೆಳೆದು ಪ್ಯಾಕ್ ಮಾಡಿದೆ.

ಪ್ಯಾಕ್ ಮಾಡುವ ಮುಂಚೆ ಕಾಲರಿನಿಂದ ಅಂಚಿನವರೆಗೆ ಅಂಗೈ ಆಡಿಸಿ ಪಿನ್ ಉಳಿದಿದೆಯಾ ಅಂತ ನೋಡಬೇಕು. ಲಾಂಡ್ರಿಗೆ ಸೇರಿದ ಮೊದಲ ದಿನ ಕಲಿಸುವ ಕೆಲಸ ಅದು. ಒಂಬತ್ತು ವರ್ಷದಲ್ಲಿ ಆ ಒಂದು ದಿನ ಅಂಗೈ ಆಡಿಸಲಿಲ್ಲ.

ಎರಡು ದಿನ ಬಿಟ್ಟು ಬೂದು ಕೋಟಿನವರು ಬಂದರು. ನಾವು ಇಟ್ಟ ಹೆಸರು ಅದು. ಯಾವುದೋ ದೊಡ್ಡ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರು, ಹದಿನೈದು ದಿನಕ್ಕೊಮ್ಮೆ ಅದೇ ಕೋಟು ಕಳಿಸುತ್ತಾರೆ. ಈ ಸಲ ಕೋಟನ್ನು ತಾವೇ ಹೊತ್ತು ತಂದಿದ್ದರು. ಯಜಮಾನಮ್ಮ, ಅಂದರೆ ನಮ್ಮ ಲಾಂಡ್ರಿಯ ಒಡತಿ, ನಮ್ಮಿಬ್ಬರನ್ನೂ ಮುಂದಕ್ಕೆ ಕರೆದರು. ಕೌಂಟರಿನ ಮೇಲೆ ಕೋಟು ಬೋರಲು ಮಲಗಿತ್ತು. ಕಾಲರಿನ ಕೆಳಗೆ, ಬೆನ್ನಿನ ನಟ್ಟನಡುವೆ, ಅತ್ತಿಗೆಯ ದುಂಡು ಅಕ್ಷರದಲ್ಲಿ ಒಂದು ಚೀಟಿ: 'ಆಬ್ಸೊಲೀಟ್'.

"ನಮ್ಮ ಸಂಘದ ವಾರ್ಷಿಕ ಸಭೆ" ಅಂದರು ಬೂದು ಕೋಟಿನವರು. ದನಿ ಏರಿಸಲಿಲ್ಲ. "ಮುಂದಿನ ಸಾಲಲ್ಲಿ ಕೂತಿದ್ದೆ. ನನ್ನ ಹಿಂದೆ ನೂರಾ ಇಪ್ಪತ್ತು ಜನ. ಮೂರು ಗಂಟೆ. ಈ ಸಲ ಎಲ್ಲರೂ ಯಾಕೆ ಇಷ್ಟು ಖುಷಿಯಾಗಿದಾರೆ ಅಂತ ನಾನೂ ಖುಷಿಪಟ್ಟೆ. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಓದಿ ಹೇಳಿದಳು. ಚೀಟಿ ತಿರುಗಿಸಿ ಹಿಂದಿಂದನ್ನೂ ಓದಿದಳು. ಕೈಲಾದದ್ದೆಲ್ಲ ಮಾಡಿದೀರಂತೆ, ವಿಷಾದಿಸ್ತೀರಂತೆ."

ಕೌಂಟರಿನವನು ಕೆಮ್ಮುವ ನೆಪದಲ್ಲಿ ಕೆಳಗೆ ಕೂತುಬಿಟ್ಟ.

"ಯಾರು ಬರೆದದ್ದು?" ಯಜಮಾನಮ್ಮನ ಮುಖ ಇಸ್ತ್ರಿ ಪೆಟ್ಟಿಗೆ ಆಗಿತ್ತು.

"ನಾನು" ಅಂದೆ.

ಹಿರಿಯರು ನನ್ನ ಕಡೆ ತಿರುಗಿದರು. "ನೀನಾ. ಹಾಗಾದ್ರೆ ಅರ್ಥ ಹೇಳು."

"ಬಳಕೆ ತಪ್ಪಿ ಹೋದದ್ದು. ಕಾಲ ಮುಗಿದದ್ದು."

"ಎಲ್ಲೀವರೆಗೆ ಓದಿದೀಯ?"

"ಏಳನೇ ಕ್ಲಾಸು. ಅದೂ ಅರ್ಧ."

"ಸುಳ್ಳು ಹೇಳ್ತಾನೆ ಸರ್" ಅಂದರು ಅತ್ತಿಗೆ. "ಓದಿದ್ದು ಅಷ್ಟೇ, ಅದು ನಿಜ. ಬರೆದದ್ದು ನಾನು." ಪರೀಕ್ಷೆ, ಚೀಟಿ, ಕೊಕ್ಕೆ, ಎಲ್ಲ ಹೇಳಿದರು. ಒಂದೂ ಮುಚ್ಚಿಡಲಿಲ್ಲ.

ಹಿರಿಯರು ಪೂರ್ತಿ ಕೇಳಿಸಿಕೊಂಡರು. "ಅಂದ್ರೆ, ಅರ್ಥ ಗೊತ್ತಾಗದೆ ಇದ್ದದ್ದಕ್ಕೆ ಇದು ಕೋಟಲ್ಲಿ ಉಳಿದದ್ದು."

"ಹೌದು ಸರ್. ಆರು ದಿನದಿಂದ ನಾಲಿಗೆಗೆ ಹತ್ತಿರಲಿಲ್ಲ."

"ಈಗ?"

"ಇನ್ನು ಸಾಯೋವರೆಗೂ ಮರೆಯಲ್ಲ."

"ನಾನೂ ಅಷ್ಟೇ" ಅಂದರು. ಅತ್ತಿಗೆ ಪಿನ್ ಕೀಳಲು ಕೈ ಹಾಕಿದಾಗ ಕೋಟನ್ನು ಸ್ವಲ್ಪ ಮುಂದಕ್ಕೆ ತಳ್ಳಿಕೊಟ್ಟರು. ಆದರೆ ಹೋಗುವಾಗ ಯಜಮಾನಮ್ಮನಿಗೆ, "ಅಂಗಡಿ ಅಂಗಡಿಯಾಗಿರಬೇಕಮ್ಮ" ಅಂದರು. ಅಷ್ಟು ಸಾಕಾಯಿತು.

"ಇವತ್ತಿಂದ ಬಟ್ಟೆ ಮೇಲೆ ಒಂದಕ್ಷರ ಕಾಣಬಾರದು" ಅಂದರು ಯಜಮಾನಮ್ಮ. "ಆ ಇಟ್ಟಿಗೆ ಪುಸ್ತಕ ಒಳಗೆ ಬರಬಾರದು. ಕೆಲಸದ ಹೊತ್ತಲ್ಲಿ ಬಾಯಲ್ಲಿ ಇಂಗ್ಲಿಷ್ ಬರಬಾರದು. ಕೆಲಸದಿಂದ ತೆಗೀಲಿಲ್ಲ, ಅದಕ್ಕೆ ಸಮಾಧಾನ ಪಟ್ಕೊಳ್ಳಿ."

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಾಲನ್ನು ತುಳಿದರು. ಮುಚ್ಚಿದೆ.

ಪರೀಕ್ಷೆಗೆ ಹನ್ನೆರಡು ದಿನ. ಇರಲಿ, ಹೆಚ್ಚುಕಮ್ಮಿ ಎಲ್ಲ ಬಂದಿದೆಯಲ್ಲ, ದಾರಿಯಲ್ಲಿ ನಡೆಯುತ್ತಾ ಕೇಳಿದರಾಯಿತು ಅಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಬಸ್ ಸ್ಟಾಪಿನಿಂದ ಲಾಂಡ್ರಿಗೆ ಬರುವಾಗ ಕೇಳಿದೆ. "ಟೆನೇಷಿಯಸ್?"

ಅತ್ತಿಗೆ ನಾಲ್ಕು ಹೆಜ್ಜೆ ಮುಂದೆ ನಡೆದರು.

"ತುಕ್ಕು, ಅತ್ತಿಗೆ."

"ತುಕ್ಕು ಅಂತ ಗೊತ್ತು ಕಣೋ. ತುಕ್ಕು ಏನ್ಮಾಡುತ್ತೆ ಅನ್ನೋದು ಬರ್ತಿಲ್ಲ."

ಹತ್ತು ಕೇಳಿದೆ, ಮೂರು ಬಂತು. ಅವರು ನಡೆಯುತ್ತಲೇ ಬಲಗೈ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜುತ್ತಿದ್ದರು, ಇಲ್ಲದ ಎಳೆಯನ್ನು ಹೊಸೆಯುವ ಹಾಗೆ. ಸಂಜೆ ಮನೆಯಲ್ಲಿ ಚಾಪೆ ಮೇಲೆ ಕೂರಿಸಿ ಕೇಳಿದೆ, ಅದೇ ಕತೆ. ಆಗ ಅವರ ಕೈಗೆ ಹಳೇ ದಿಂಬಿನ ಕವರು, ಸೂಜಿ ಕೊಟ್ಟು ನೋಡಿದೆ. ಹತ್ತರಲ್ಲಿ ಒಂಬತ್ತು ಬಂತು. ಸೂಜಿ ಕಿತ್ತುಕೊಂಡೆ. ನಾಲ್ಕು.

"ಬಾಯಿಗೆ ಗೊತ್ತಿಲ್ಲ, ಕೈಗೆ ಗೊತ್ತು" ಅಂದರು ಅತ್ತಿಗೆ. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಎಂಟು ತಿಂಗಳು ನಾವು ಮಾಡಿದ ತಪ್ಪು ಆಗ ಕಣ್ಣಿಗೆ ರಾಚಿತು. ಪದ ತಲೆಯೊಳಗೆ ಹೋಗಲೇ ಇಲ್ಲ, ಬೆರಳಲ್ಲೇ ನಿಂತುಬಿಟ್ಟಿತ್ತು. ಪರೀಕ್ಷೆ ಹಾಲಿನೊಳಗೆ ಹಾಲ್ ಟಿಕೆಟ್, ಎರಡು ಪೆನ್ನು ಬಿಟ್ಟರೆ ಮತ್ತೇನೂ ತರಬಾರದು ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಸೂಜಿ ದಾರ ಯಾರು ಬಿಡುತ್ತಾರೆ? ನಾನು ಅವತ್ತು ಬೈಯದೇ ಇದ್ದವರಿಲ್ಲ: ಬೂದು ಕೋಟಿನವರನ್ನು, ಯಜಮಾನಮ್ಮನನ್ನು, ಇಂಗ್ಲಿಷನ್ನು ಹುಟ್ಟಿಸಿದವರನ್ನು, ಅಣ್ಣನನ್ನು. ಅಣ್ಣನನ್ನು ಎರಡು ಸಲ.

"ಸಾಕು, ಉಸಿರು ತಗೋ" ಅಂದರು ಅತ್ತಿಗೆ. "ಮೈಮೇಲಿನ ಬಟ್ಟೆ ಬಿಟ್ರೆ ಏನೂ ಬಿಡಲ್ಲ ಒಳಗೆ. ಏನ್ಮಾಡೋಕಾಗುತ್ತೆ?"

ಮೈಮೇಲಿನ ಬಟ್ಟೆ. ಎದ್ದು ಅಲ್ಮೇರಾ ತೆಗೆದೆ. ತೆಳ್ಳನೆ ಬಟ್ಟೆ ಆಗುವುದಿಲ್ಲ, ರಫೂ ನಿಲ್ಲುವುದಿಲ್ಲ. ದಪ್ಪ ನೇಯ್ಗೆ ಬೇಕು, ಉದ್ದ ತೋಳು ಬೇಕು. ಅಂಥದ್ದು ಇದ್ದದ್ದು ಒಂದೇ: ಅಣ್ಣನ ಗಿಳಿಹಸಿರು ಶರ್ಟು. ಅವನು ಅದನ್ನು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ಹಾಕುತ್ತಿದ್ದ. ಬೇರೆ ಇದ್ದಿದ್ದರೂ ನಾನು ಅದನ್ನೇ ತೆಗೆಯುತ್ತಿದ್ದೆನೇನೋ, ಸುಳ್ಳು ಯಾಕೆ ಹೇಳಲಿ. ಕತ್ತರಿ ತೆಗೆದುಕೊಂಡು ಎಡತೋಳಿನಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ತೂತು ಮಾಡತೊಡಗಿದೆ. ಒಂದೊಂದೂ ಅವರೆಕಾಳಿನಷ್ಟು. ನಾಲ್ಕು ಸಾಲು, ಸಾಲಿಗೆ ಹತ್ತು.

ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು. "ಅಯ್ಯೋ, ಇವನಿಗೆ ಇಲಿ ಮೆಟ್ಟಿಕೊಂಡಿದೆ."

"ನಲವತ್ತು ಪದ" ಅಂದೆ ಅತ್ತಿಗೆಗೆ. "ನಿಮಗೆ ಅತೀ ಕೈಕೊಡೋ ನಲವತ್ತು ಆರಿಸಿ. ಒಂದು ತೂತಿಗೆ ಒಂದು ಪದ. ರಫೂ ಹಾಕ್ತಾ ಕಲೀರಿ. ಪರೀಕ್ಷೆಗೆ ಇದನ್ನೇ ಹಾಕ್ಕೊಂಡು ಹೋಗಿ. ಬೆರಳಿಟ್ರೆ ಸಿಗುತ್ತೆ."

ಅತ್ತಿಗೆ ಶರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ತೋಳು ಸಾರಣಿಗೆ ಆಗಿತ್ತು. "ಉಳಿದಿದ್ದು?"

"ಉಳಿದಿದ್ದು ಇದರ ಹಿಂದೆ ಬರುತ್ತೆ. ಒಂದು ಎಳೆ ಎಳೆದ್ರೆ ಪಕ್ಕದ್ದು ಬರಲ್ವಾ?"

ಬರುತ್ತದೋ ಇಲ್ಲವೋ ನನಗೇನು ಗೊತ್ತಿತ್ತು? ಹೇಳಿಬಿಟ್ಟೆ.

ಅಷ್ಟರಲ್ಲಿ ಅಣ್ಣ ಪಾಳಿ ಮುಗಿಸಿ ಬಂದ. ಹೆಂಡತಿಯ ಕೈಲಿದ್ದ ಶರ್ಟು ನೋಡಿದ, ನನ್ನ ಕೈಲಿದ್ದ ಕತ್ತರಿ ನೋಡಿದ. ನಾನು ಎದ್ದು ನಿಂತೆ. ಒಂದು ಮಾತು ಆಡಲಿ, ಆ 'ಹದಿನಾಲ್ಕು ದಿನ'ದ ಮಾತಿನ ಬಾಕಿ ಎಲ್ಲ ತೀರಿಸುತ್ತೇನೆ ಅಂತ ಮುಷ್ಟಿ ಕಟ್ಟಿ ಕಾದೆ. ಅತ್ತಿಗೆ ವಿಷಯ ಹೇಳಿದರು. ಅಣ್ಣ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ತೋಳು ಇವಳಿಗೆ ಉದ್ದ ಆಗುತ್ತೆ" ಅಂದ ನನಗೆ. "ಮಣಿಕಟ್ಟಲ್ಲಿ ಮಡಚಿದ್ರೆ ಕೆಳಗಿನ ಸಾಲು ಮುಚ್ಚಿಹೋಗುತ್ತೆ. ಭುಜದಲ್ಲಿ ಎತ್ತಿ ಹೊಲೀರಿ."

ಕೈಕಾಲು ತೊಳೆಯಲು ಹೋದ. ಮುಷ್ಟಿ ಬಿಚ್ಚುವುದು ಹೇಗೆ ಅಂತ ತಿಳಿಯದೆ ಕತ್ತರಿಯನ್ನು ಡಬ್ಬಿಗೆ ಹಾಕಿದೆ.

ಹತ್ತು ದಿನ, ದಿನಕ್ಕೆ ನಾಲ್ಕು ತೂತು. ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ಎರಡು, ಸಂಜೆ ಎರಡು. ಕೊನೆಯ ದಿನಕ್ಕೆ ಪೂರ್ತಿ ನಲವತ್ತೂ ಮುಚ್ಚಿದವು. ಇಸ್ತ್ರಿ ನಾನು ಹಾಕಿದೆ. ತೂತು ಮಾಡಿದವನು ನಾನೇ, ನನ್ನ ಕಣ್ಣಿಗೇ ಒಂದೂ ಸಿಗಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಸಣ್ಣ ಸಣ್ಣ ಗಂಟು ಸಾಲಾಗಿ ಸಿಕ್ಕಿದವು.

ಪರೀಕ್ಷೆ ಒಂದು ಶಾಲೆಯ ಕಟ್ಟಡದಲ್ಲಿ. ಗೇಟಿನವರೆಗೆ ಹೋಗಿ ನಾನು ನಿಂತೆ. "ಒಳಗೆ ನೆರಳಿದೆ, ಬಾ" ಅಂದರು ಅತ್ತಿಗೆ. "ಇಲ್ಲೇ ಇರ್ತೀನಿ" ಅಂದೆ. ಅವರು ಒತ್ತಾಯ ಮಾಡಲಿಲ್ಲ. ಸೊಂಟಕ್ಕಿಂತ ಕೆಳಗಿಳಿದ ಗಿಳಿಹಸಿರು ಶರ್ಟಿನಲ್ಲಿ ಅತ್ತಿಗೆ ಅಂಗಳ ದಾಟಿ ಹೋದರು. ಸುತ್ತ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಒಬ್ಬಳು ಇನ್ನೊಬ್ಬಳಿಗೆ ಏನೋ ಪಿಸುಗುಟ್ಟಿದ್ದು ಕಂಡಿತು. ಹೆಸರು ಗೊತ್ತಿದ್ದರೆ ಅವಳನ್ನೂ ನಾನು ಬೈಯುವವರ ಪಟ್ಟಿಗೆ ಸೇರಿಸುತ್ತಿದ್ದೆ.

ಮೂರು ಗಂಟೆ ಸೈಕಲ್ ಸ್ಟ್ಯಾಂಡಿನ ಕಂಬಿ ಮೇಲೆ ಕೂತಿದ್ದೆ. ಬಂದರು. ಮುಖ ನೋಡಿ ಕಂಬಿಯಿಂದ ಕೆಳಗೆ ಹಾರಿದೆ.

"ಮೇಲ್ವಿಚಾರಕಿ ಎಬ್ಬಿಸಿ ನಿಲ್ಲಿಸಿದ್ಲು" ಅಂದರು. "ಕಣ್ಮುಚ್ಕೊಂಡು ತೋಳು ಸವರ್ತಾ ಇದ್ದೆನಲ್ಲ, ತೋಳಲ್ಲಿ ಏನಿಟ್ಟಿದೀಯ ಅಂದ್ಲು. ರಫೂ ಇದೆ ಮೇಡಂ ಅಂದೆ. ಎಲ್ಲಿ ತೋರ್ಸು ಅಂದ್ಲು. ಇಲ್ಲಿ, ಇಲ್ಲಿ, ಇಲ್ಲಿ ಅಂತ ತೋರಿಸ್ದೆ. ಅವಳಿಗೆ ಒಂದೂ ಕಾಣಲಿಲ್ಲ. ಕನ್ನಡಕ ಹಾಕ್ಕೊಂಡು ನೋಡಿದ್ಲು, ಇನ್ನೊಬ್ಬರನ್ನ ಕರೆಸಿದ್ಲು. ಕೈ ಮೇಲೆ ಬರೆದಿದೀನಾ ಅಂತ ತೋಳು ಮಡಚಿಸಿ ನೋಡಿದ್ರು. ಏನೂ ಇಲ್ಲ. ಇವಳಿಗೆ ತಲೆ ಸರಿ ಇದೆಯಾ ಅನ್ನೋ ಹಾಗೆ ನೋಡಿ ಕೂತ್ಕೋ ಅಂದ್ರು. ಹದಿನೈದು ನಿಮಿಷ ಹೋಯ್ತು."

ನಾನು ಆಗಲೇ ಗೇಟಿನ ಕಡೆ ಹೆಜ್ಜೆ ಹಾಕಿದ್ದೆ. ಅತ್ತಿಗೆ ಹಿಂದಿನಿಂದ ನನ್ನ ಕಾಲರ್ ಹಿಡಿದರು.

"ಎಲ್ಲಿಗೆ?"

"ಆ ಮೇಡಂ ಹತ್ರ ಎರಡು ಮಾತಾಡ್ಬೇಕು."

"ಅವಳ ಕೆಲಸ ಅವಳು ಮಾಡಿದ್ಲು. ಇಬ್ಬರು ಬಂದು ಹುಡುಕಿದ್ರೂ ನನ್ನ ರಫೂ ಕಾಣಲಿಲ್ಲ. ನಂಗೆ ಹೆಮ್ಮೆ ಪಡೋಕೆ ಬಿಡು."

"ಬರೆದ್ರಾ?"

"ಏಳು ಬಿಟ್ಟೆ. ಟೈಮ್ ಆಗಲಿಲ್ಲ. ಉಳಿದ ನಲವತ್ತಮೂರಲ್ಲಿ ಎಷ್ಟು ಸರಿಯೋ."

ಹಸಿರು ತೋಳಿನಲ್ಲಿದ್ದ ಪದಗಳ ಪೈಕಿ ಪ್ರಶ್ನೆಪತ್ರಿಕೆಯಲ್ಲಿ ಬಂದದ್ದು ಆರೇ ಅಂತೆ. ಉಳಿದವು ಅವುಗಳ ಪಕ್ಕದಿಂದ ಬಂದವೋ, ಎಲ್ಲಿಂದ ಬಂದವೋ, ಅವರಿಗೂ ಗೊತ್ತಿಲ್ಲ. ಕೊನೆಕೊನೆಗೆ ತೋಳು ಮುಟ್ಟುವುದನ್ನೇ ಮರೆತಿದ್ದರಂತೆ.

ಫಲಿತಾಂಶಕ್ಕೆ ಐದು ವಾರ. ಆ ಐದು ವಾರ ಮನೆಯಲ್ಲಿ ಯಾರೂ ಪರೀಕ್ಷೆಯ ಮಾತೆತ್ತಲಿಲ್ಲ. ಎತ್ತಬಾರದು ಅನ್ನುವುದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೇವೇನೋ ಅನ್ನಿಸುತ್ತಿತ್ತು ನನಗೆ. ಬಂದ ದಿನ ಫೋನಿನಲ್ಲಿ ನೋಡಿದ್ದು ಅತ್ತಿಗೆಯೇ. ಭಾನುವಾರ ರಾತ್ರಿ, ಎಲ್ಲರೂ ಮನೆಯಲ್ಲಿದ್ದೆವು. ಪದಗಳಲ್ಲಿ ಮೂವತ್ತೊಂದು. ಗಣಿತದಲ್ಲಿ ತೊಂಬತ್ತಾರು. ಸೀಟು ಸಿಕ್ಕಿತ್ತು.

ಅಮ್ಮ, "ಮೂವತ್ತೊಂದೇನಾ?" ಅಂದಳು. ತೊಂಬತ್ತಾರು ಅವಳ ಕಿವಿಗೆ ಬಿದ್ದಿರಲಿಲ್ಲ. ಮೊಮ್ಮಗಳು, "ಅಮ್ಮ ಪಾಸಾ?" ಅಂತ ನನ್ನ ಪ್ಯಾಂಟು ಜಗ್ಗಿದಳು. ಅಣ್ಣ ಫೋನ್ ಇಸಿದುಕೊಂಡು ತಾನೂ ಓದಿದ. ಓದಿ ಮುಗಿಸಿದ ಮೇಲೂ ವಾಪಸು ಕೊಡಲಿಲ್ಲ.

"ಕ್ಲಾಸು ಎಷ್ಟು ಗಂಟೆಗೆ ಶುರು?" ಅಂದ.

"ಒಂಬತ್ತಕ್ಕೆ" ಅಂದರು ಅತ್ತಿಗೆ.

"ಹಾಗಾದ್ರೆ ಬೆಳಗಿನ ಪಾಳಿ ಬಿಡ್ಬೇಕು ನಾನು. ಮಗೂನ ಯಾರು ಬಿಡ್ತಾರೆ ಶಾಲೆಗೆ? ಇವನ ಕೈಲಿ ಕಳಿಸಿದ್ರೆ ಮೇಷ್ಟ್ರ ಜೊತೆ ಹೊಡೆದಾಡ್ಕೊಂಡು ಬರ್ತಾನೆ."

ಅಷ್ಟು ತಿಂಗಳು ಕೂಡಿಟ್ಟ ಸಿಟ್ಟು ಕೈಯಲ್ಲಿ ಹಾಗೇ ಉಳಿಯಿತು, ಕೊಡೋಣ ಅಂದರೆ ತೆಗೆದುಕೊಳ್ಳುವವರಿಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡೆ. ಸ್ವಲ್ಪ ಹೊತ್ತು ತೊಳೆದುಕೊಂಡೆ.

ಸೋಮವಾರ ಅತ್ತಿಗೆ ಯಜಮಾನಮ್ಮನಿಗೆ ಹೇಳಿದರು. ಇನ್ನು ಮೇಲೆ ಶನಿವಾರ ಭಾನುವಾರ ಮಾತ್ರ ಬರುವುದು. ಯಜಮಾನಮ್ಮ ಮೊದಲು ಬೈದರು, ಆಮೇಲೆ ಅತ್ತಿಗೆಯ ತಲೆ ಸವರಿದರು, ಆಮೇಲೆ, "ವಾರವೆಲ್ಲ ಬರೋ ತೂತಿಗೆ ಏನ್ಮಾಡ್ಲಿ?" ಅಂತ ಮತ್ತೆ ಬೈದರು. ಎದುರು ಮೇಜು ಐದು ದಿನ ಖಾಲಿ ಇರುತ್ತದೆ ಅನ್ನುವುದು ನನಗೆ ಹೊಳೆದದ್ದು ಆಗಲೇ. ಎಂಟು ತಿಂಗಳು ಅವರು ಇಲ್ಲಿಂದ ಹೋಗಲಿ ಅಂತ ಒದ್ದಾಡಿದವನು ನಾನು. ಹೋದರೆ ಇಲ್ಲಿ ಇರುವುದಿಲ್ಲ ಅನ್ನುವುದು ತಲೆಗೇ ಹೋಗಿರಲಿಲ್ಲ.

"ಇವನಿಗೆ ಕಲಿಸ್ತೀನಿ" ಅಂದರು ಅತ್ತಿಗೆ.

"ನಂಗೆ ಬೇಡ. ನಂದು ಕಲೆ ಕೆಲಸ."

"ಬಾ ಇಲ್ಲಿ."

ಯಾರದೋ ಕಪ್ಪು ಪ್ಯಾಂಟು. ಮೊಣಕಾಲಿನ ಹತ್ತಿರ ಸಿಗರೇಟು ಸುಟ್ಟ ತೂತು. ಅತ್ತಿಗೆ ತಮ್ಮ ಸ್ಟೂಲಿನಲ್ಲಿ ನನ್ನನ್ನು ಕೂರಿಸಿ, ತಾವು ಪಕ್ಕದಲ್ಲಿ ನಿಂತರು. ಒಳಮಡಿಕೆಯಿಂದ ಎಳೆ ಬಿಡಿಸುವುದು ಹೇಗೆ, ಅದು ತುಂಡಾಗದ ಹಾಗೆ ಉಸಿರು ಹಿಡಿಯುವುದು ಹೇಗೆ, ಒಂದರ ಮೇಲೆ ಒಂದರ ಕೆಳಗೆ ದಾಟಿಸುವುದು ಹೇಗೆ, ಎಲ್ಲ ತೋರಿಸಿದರು. ಸ್ಪಿರಿಟ್ಟಿನಲ್ಲಿ ನೆಂದು ನೆಂದು ದಪ್ಪಗಾದ ಬೆರಳು ನನ್ನವು. ಅರ್ಧ ಗಂಟೆ ಒದ್ದಾಡಿ ಅದನ್ನು ಮುಚ್ಚಿದೆ. ಜೇಡ ಸತ್ತು ಬಿದ್ದ ಹಾಗೆ ಕಾಣುತ್ತಿತ್ತು.

"ಬಿಚ್ಚು" ಅಂದರು.

ಬಿಚ್ಚಿದೆ. ಮತ್ತೆ ಹಾಕಿದೆ.

"ಇದೂ ಆಗಲಿಲ್ಲ. ಬಿಚ್ಚು. ಸಾವಕಾಶ ಇದೆ."

ಕೌಂಟರಿನವನು ಬಾಗಿಲಲ್ಲಿ ಇಣುಕಿ, "ಏನು ಬಾಯ್ಲರ್, ಸ್ಕೂಲಿಗೆ ಸೇರ್ಕೊಂಡ್ಯಾ?" ಅಂದ. ಬೇರೆ ದಿನ ಆಗಿದ್ದರೆ ಕತ್ತರಿ ಹಾರುತ್ತಿತ್ತು. ಸೂಜಿಯಲ್ಲಿ ಎಳೆ ಅರ್ಧ ದಾಟಿತ್ತು, ತಲೆ ಎತ್ತಿದರೆ ತಪ್ಪಿಹೋಗುತ್ತಿತ್ತು.

"ಸುಮ್ನಿರಪ್ಪ" ಅಂದೆ. "ಮೂರನೇ ಸಲ ಹಾಕ್ತಾ ಇದೀನಿ."